ಜರ್ಮನಿಯಲ್ಲಿ ಮಗಳ ಖಾತೆ: ಪಾಸ್‌ಪೋರ್ಟಿಗಿಂತ ವಿಳಾಸ ದೊಡ್ಡದು

ಪ್ರಶ್ನೆ: ನಾವು ಹೊನ್ನಾವರ ತಾಲೂಕಿನ ಘಟ್ಟದ ಬುಡದ ಊರಿನವರು. ಅಡಿಕೆ ತೋಟವೇ ಜೀವನ. ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಕ್ಟೋಬರಿಗೆ ತರಗತಿ, ಸೆಪ್ಟೆಂಬರ್ ಮಧ್ಯದಲ್ಲಿ ಹೊರಡುತ್ತಾಳೆ. ವೀಸಾಕ್ಕೆ ‘ಬ್ಲಾಕ್ಡ್ ಅಕೌಂಟ್’, ಅಂದರೆ ವರ್ಷದ ಖರ್ಚು ಮೊದಲೇ ಇಟ್ಟು ತಿಂಗಳಿಗಿಷ್ಟು ಎಂದು ಬಿಡುಗಡೆಯಾಗುವ ಖಾತೆ, ಬೇಕಂತೆ. ಅದನ್ನು ಬಿಟ್ಟು ಇನ್ನೂ ನಾಲ್ಕೂವರೆ ಲಕ್ಷ ಕೈಯಲ್ಲಿದೆ. ಅದಕ್ಕೆ ಅಲ್ಲಿಯೇ ಒಂದು ಉಳಿತಾಯ ಖಾತೆ ತೆರೆದು, ನನ್ನ ಹೆಸರನ್ನೂ ಜಂಟಿಯಾಗಿ ಸೇರಿಸಿ ಇಡೋಣ ಎಂದು ಯೋಚನೆ. ಕೆಲವರು ‘ಪರದೇಶದವರಿಗೆ ಅಲ್ಲಿ ಖಾತೆಯನ್ನೇ ಕೊಡುವುದಿಲ್ಲ’ ಎನ್ನುತ್ತಾರೆ. ಇನ್ನು ಕೆಲವರು ‘ಮನೆಯಲ್ಲೇ ಕೂತು ಆ್ಯಪ್‌ನಲ್ಲಿ ಹತ್ತು ನಿಮಿಷದ ಕೆಲಸ’ ಎನ್ನುತ್ತಾರೆ. ಮಸ್ಕತ್‌ನಲ್ಲಿರುವ ನನ್ನ ತಮ್ಮ, ‘ಬ್ಯಾಂಕಿನ ತಲೆಬಿಸಿ ಯಾಕೆ, ಊರಲ್ಲಿ ಅಪ್ಪಯ್ಯನ ಕೈಗೆ ರೂಪಾಯಿ ಕೊಡು, ನಾನು ಇಲ್ಲಿಂದ ಅವಳಿಗೆ ಯೂರೋ ಹಾಕುತ್ತೇನೆ’ ಎಂದಿದ್ದಾನೆ. ಮಗಳ ಹೆಸರಿನಲ್ಲಿ ಊರ ಸೊಸೈಟಿಯಲ್ಲಿ ಆರು ಲಕ್ಷದ ಠೇವಣಿ, ಕುಮಟಾದ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇವೆ. ಅವನ್ನು ಹಾಗೇ ಬಿಡಬಹುದೇ? ಇಲ್ಲಿಯ ಎಟಿಎಂ ಕಾರ್ಡು ಅಲ್ಲಿ ನಡೆಯುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಎಲ್ಲದರ ಬೇರು ಒಂದೇ: ನಿಮ್ಮ ಮಗಳು ‘ಎಲ್ಲಿಯ ನಿವಾಸಿ’? ಜರ್ಮನಿಯ ಬ್ಯಾಂಕು ಇದನ್ನು ಕೇಳುತ್ತದೆ, ನಮ್ಮ ವಿದೇಶಿ ವಿನಿಮಯ ಕಾನೂನು ಕೇಳುತ್ತದೆ, ಆದಾಯ ತೆರಿಗೆ ಇಲಾಖೆಯೂ ಕೇಳುತ್ತದೆ. ಮೂವರ ಲೆಕ್ಕವೂ ಬೇರೆ ಬೇರೆ. ಖಾತೆ ತೆರೆಯುವುದು ಕಷ್ಟದ ಕೆಲಸವಲ್ಲ. ಈ ಮೂವರಿಗೆ ಕೊಟ್ಟ ಉತ್ತರ ಒಂದಕ್ಕೊಂದು ಹೊಂದದೆ ಹೋದಾಗ ತೊಂದರೆ ಶುರುವಾಗುತ್ತದೆ, ಅದೂ ಎರಡು ಮೂರು ವರ್ಷ ಬಿಟ್ಟು.

ಮೊದಲು ‘ಪರದೇಶದವರಿಗೆ ಖಾತೆ ಕೊಡುವುದಿಲ್ಲ’ ಎಂಬ ಮಾತು. ಇದು ತಪ್ಪು. ಐರೋಪ್ಯ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ವಾಸಿಸುವ ಯಾರಿಗೇ ಆದರೂ, ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ, ಒಂದು ಮೂಲ ಖಾತೆ ಪಡೆಯುವ ಹಕ್ಕಿದೆ. ಜರ್ಮನಿಯಲ್ಲಿ ಇದಕ್ಕೆ ‘ಬಾಸಿಸ್‌ಕೊಂಟೊ’ ಎನ್ನುತ್ತಾರೆ. 2016ರ ಜೂನ್‌ನಿಂದ ಜಾರಿಯಲ್ಲಿದೆ. ಅರ್ಜಿ ಪೂರ್ಣವಾಗಿದ್ದರೆ 10 ಕೆಲಸದ ದಿನಗಳೊಳಗೆ ಬ್ಯಾಂಕು ಖಾತೆ ಕೊಡಬೇಕು. ಅಲ್ಲೇ ಇನ್ನೊಂದು ಖಾತೆ ಇರುವುದು ಮುಂತಾದ, ಕಾನೂನಿನಲ್ಲಿ ಹೇಳಿದ ಕೆಲವೇ ಕಾರಣಕ್ಕೆ ನಿರಾಕರಿಸಬಹುದು. ಸಾಮಾನ್ಯವಾಗಿ ಇದರ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದ ಖಾತೆ ಕೊಡುವ ಬ್ಯಾಂಕುಗಳು ಬೇಕಾದಷ್ಟಿವೆ. ಬಾಸಿಸ್‌ಕೊಂಟೊಗೆ ತಿಂಗಳ ಶುಲ್ಕವೂ ಹೆಚ್ಚಿರುತ್ತದೆ. ಆದರೂ ಎರಡು ಮೂರು ಕಡೆ ಇಲ್ಲ ಎನ್ನಿಸಿಕೊಂಡರೆ ಆ ಹೆಸರು ಹೇಳಿಯೇ ಅರ್ಜಿ ಹಾಕಲಿ.

‘ಮನೆಯಲ್ಲೇ ಕೂತು ಹತ್ತು ನಿಮಿಷ’ ಎಂಬುದು ಅರ್ಧ ಸತ್ಯ. ಬ್ಲಾಕ್ಡ್ ಅಕೌಂಟನ್ನು ಇಲ್ಲಿಂದಲೇ ತೆರೆಯಬಹುದು. ಅದು ಇರುವುದೇ ವೀಸಾಕ್ಕೆ ಮೊದಲು ತೆರೆಯಲಿಕ್ಕೆ. ದಿನನಿತ್ಯದ ಖಾತೆಗೆ ಹಾಗಿಲ್ಲ. ಹಣದ ಅಕ್ರಮ ಚಲಾವಣೆ ತಡೆಯುವ ಕಾನೂನಿನ ಪ್ರಕಾರ ಬ್ಯಾಂಕು ಗ್ರಾಹಕರ ಗುರುತು ಮತ್ತು ವಾಸದ ವಿಳಾಸ ಎರಡನ್ನೂ ಖಾತ್ರಿ ಮಾಡಿಕೊಳ್ಳಬೇಕು. ಹೊನ್ನಾವರದ ವಿಳಾಸ ಕೊಟ್ಟರೆ ಬಹುಪಾಲು ಬ್ಯಾಂಕುಗಳ ಫಾರ್ಮ್ ಅಲ್ಲಿಗೇ ನಿಲ್ಲುತ್ತದೆ. ಪರದೇಶದಲ್ಲಿ ವಾಸಿಸುವ ಗ್ರಾಹಕರ ತಪಾಸಣೆಗೆ ಬ್ಯಾಂಕಿಗೆ ಖರ್ಚು ಹೆಚ್ಚು, ಸಣ್ಣ ಉಳಿತಾಯದಿಂದ ಲಾಭ ಕಡಿಮೆ. ವಿಡಿಯೊ ಕರೆಯಲ್ಲಿ ಗುರುತು ನೋಡುವ ವ್ಯವಸ್ಥೆ ಇದ್ದರೂ ಅದಕ್ಕೆ ಎಲ್ಲ ದೇಶಗಳ ಪಾಸ್‌ಪೋರ್ಟ್ ನಡೆಯುವುದಿಲ್ಲ. ಅಲ್ಲಿಗೆ ಹೋದ ಮೇಲೆ ‘ಪೋಸ್ಟ್‌ಐಡೆಂಟ್’ ಎಂಬ ದಾರಿ ಇದೆ: ಬ್ಯಾಂಕು ಕೊಟ್ಟ ಕೂಪನ್ ಮತ್ತು ಪಾಸ್‌ಪೋರ್ಟ್ ಹಿಡಿದು ಅಂಚೆ ಕಚೇರಿಗೆ ಹೋದರೆ ಅಲ್ಲಿಯ ಸಿಬ್ಬಂದಿ ಗುರುತು ದಾಖಲಿಸುತ್ತಾರೆ. ಶಾಖೆ ಇರುವ ಬ್ಯಾಂಕಾದರೆ ನೇರ ಶಾಖೆಗೇ ಹೋಗಬಹುದು. ಮೊದಲ ಖಾತೆಗೆ ಶಾಖೆ ಇರುವ ಬ್ಯಾಂಕೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಕೆಲಸಗಳ ಕ್ರಮ ಹೀಗೆ ಸಾಗುತ್ತದೆ. ಮೊದಲು ಇಲ್ಲಿಂದ ಬ್ಲಾಕ್ಡ್ ಅಕೌಂಟ್, ಅದರ ದೃಢೀಕರಣ ಪತ್ರದ ಮೇಲೆ ವೀಸಾ. ಅಲ್ಲಿ ಇಳಿದು ಮನೆ ಹಿಡಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ, ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಬೇಕು. ನೋಂದಣಿ ಪತ್ರ ಕೈಗೆ ಬಂದ ಮೇಲೆ ‘ಗೀರೊಕೊಂಟೊ’, ಅಂದರೆ ಸಂಬಳ, ಬಾಡಿಗೆ, ವಿಮೆ ಎಲ್ಲ ಓಡಾಡುವ ಚಾಲ್ತಿ ಖಾತೆ. ನಮ್ಮಲ್ಲಿ ಉಳಿತಾಯ ಖಾತೆ ಮಾಡುವ ಕೆಲಸವನ್ನೆಲ್ಲ ಅಲ್ಲಿ ಇದು ಮಾಡುತ್ತದೆ. ಇದಕ್ಕೆ ಬಡ್ಡಿ ಸಾಮಾನ್ಯವಾಗಿ ಇರುವುದಿಲ್ಲ. ಬಡ್ಡಿ ಬರುವ ಉಳಿತಾಯ ಖಾತೆಯ ಹೆಸರು ‘ಟಾಗೆಸ್‌ಗೆಲ್ಡ್’. ಅದರಿಂದ ಬಾಡಿಗೆ ಕಟ್ಟಲು, ಅಂಗಡಿಯಲ್ಲಿ ಕಾರ್ಡ್ ಉಜ್ಜಲು ಆಗುವುದಿಲ್ಲ. ಹಣ ಅಲ್ಲಿಂದ ಗೀರೊಕೊಂಟೊಗೆ ಬಂದೇ ಹೊರಡಬೇಕು. ನೀವು ಕೇಳಿದ ‘ಉಳಿತಾಯ ಖಾತೆ’ ಈ ಸಾಲಿನಲ್ಲಿ ಕೊನೆಯದು. ಅದನ್ನೇ ಮೊದಲು ತೆರೆಯಲು ಹೊರಡುವವರು ದಾರಿ ಕಾಣದೆ ‘ವಿದೇಶಿಯರಿಗೆ ಕೊಡುವುದಿಲ್ಲ’ ಎಂದು ವಾಪಸು ಬರುತ್ತಾರೆ.

ಈ ನಡುವೆ ಯಾರೂ ಹೇಳದ ಒಂದು ಸಣ್ಣ ವಿಷಯ: ಜರ್ಮನಿಯಲ್ಲಿ ಅಂಚೆಯವರು ಅಂಚೆಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಎಟಿಎಂ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ಲಕೋಟೆಯಲ್ಲಿ, 11 ಅಂಕಿಯ ತೆರಿಗೆ ಸಂಖ್ಯೆ ಮತ್ತೊಂದರಲ್ಲಿ ಬರುತ್ತವೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಮೂರೂ ವಾಪಸು. ಹಂಚಿಕೊಂಡ ಮನೆಯಲ್ಲಿ ಕೋಣೆ ಹಿಡಿದವರಿಗೆ ಆಗುವ ಅತಿ ಸಾಮಾನ್ಯ ತೊಂದರೆ ಇದೇ. ಕೋಣೆಯ ಕೀಲಿ ಕೈಗೆ ಸಿಕ್ಕಿದ ದಿನವೇ ಹೆಸರಿನ ಚೀಟಿ ಅಂಟಿಸಲಿ.

ಹೆಸರಿನ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ನಮ್ಮ ಜಿಲ್ಲೆಯವರ ದಾಖಲೆಗಳಲ್ಲಿ ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ. ಆಧಾರ್ ಕಾರ್ಡಿನಲ್ಲಿ ನಾಯ್ಕ, ಪ್ಯಾನ್‌ನಲ್ಲಿ ನಾಯಕ. ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್. ಇಲ್ಲಿ ಇದರಿಂದ ಕೆಲಸ ನಿಲ್ಲುವುದು ಕಡಿಮೆ. ಅಲ್ಲಿ ನಿಲ್ಲುತ್ತದೆ. 2025ರ ಅಕ್ಟೋಬರ್ 9ರಿಂದ ಯೂರೋ ವಲಯದ ಬ್ಯಾಂಕುಗಳು ಹಣ ಕಳಿಸುವ ಮೊದಲು ಖಾತೆ ಸಂಖ್ಯೆಗೂ ಹೆಸರಿಗೂ ತಾಳೆ ನೋಡಲೇಬೇಕು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಕಾಲಂ ಖಾಲಿ ಇದ್ದರೆ ಅಲ್ಲಿಯ ಫಾರ್ಮುಗಳು ಮುಂದೆ ಹೋಗುವುದೇ ಇಲ್ಲ, ಒಬ್ಬೊಬ್ಬ ಗುಮಾಸ್ತರು ಒಂದೊಂದು ಬಗೆಯಲ್ಲಿ ತುಂಬುತ್ತಾರೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ನೋಡಿ. ಕಾಲಂ ಖಾಲಿ ಇದ್ದರೆ ಸರಿಮಾಡಿಸಿ, ಪ್ಯಾನ್ ಕೂಡ ಅದೇ ಅಕ್ಷರಗಳಿಗೆ ತನ್ನಿ. ಬ್ಲಾಕ್ಡ್ ಅಕೌಂಟ್ ಒಂದು ಹೆಸರಿನಲ್ಲಿ ತೆರೆದು ನಂತರ ಪಾಸ್‌ಪೋರ್ಟ್ ಬದಲಿಸಿದರೆ ಎರಡು ಪಟ್ಟು ಓಡಾಟ.

ಈಗ ಬ್ಲಾಕ್ಡ್ ಅಕೌಂಟಿನ ಲೆಕ್ಕ. 2024ರ ಸೆಪ್ಟೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ ತೋರಿಸಬೇಕೆಂಬ ನಿಯಮವಿದೆ. ಈ ಮೊತ್ತ ಆಗಾಗ ಏರುತ್ತದೆ, ಹಾಗಾಗಿ ಹಣ ಕಳಿಸುವ ವಾರದಲ್ಲಿ ಬೆಂಗಳೂರಿನ ಜರ್ಮನ್ ದೂತಾವಾಸದ ಜಾಲತಾಣ ಒಮ್ಮೆ ನೋಡಿಕೊಳ್ಳಿ. ಇಡೀ ಮೊತ್ತ ಒಟ್ಟಿಗೆ ಹೋಗಿ ಕೂರುತ್ತದೆ. ಮಗಳು ಅಲ್ಲಿ ಗೀರೊಕೊಂಟೊ ತೆರೆದು ಅದರ ಸಂಖ್ಯೆ ಕೊಟ್ಟ ಮೇಲೆ ತಿಂಗಳಿಗೊಂದು ಕಂತು ಬಿಡುಗಡೆಯಾಗುತ್ತದೆ. ಇಲ್ಲಿ ಕೈಕೊಡುವುದು ಎರಡು ಕಡೆ. ಒಂದು, ಹಣ ಕಳಿಸುವಾಗ ‘ಶುಲ್ಕ ಯಾರದು’ ಎಂಬ ಕಾಲಂ. ‘ಅವರ್’ (OUR, ಅಂದರೆ ಶುಲ್ಕವೆಲ್ಲ ಕಳಿಸುವವರದ್ದು) ಎಂದು ಗುರುತು ಮಾಡದೆ ‘ಶೇರ್ಡ್’ (ಇಬ್ಬರಿಗೂ ಹಂಚಿಕೆ) ಎಂದು ಬಿಟ್ಟರೆ ನಡುವಿನ ಬ್ಯಾಂಕು ಹತ್ತಿಪ್ಪತ್ತು ಯೂರೋ ಮುರಿದುಕೊಳ್ಳಬಹುದು. ಸೇರಿದ ಮೊತ್ತ ಕಡಿಮೆ ಬಿದ್ದರೆ ದೃಢೀಕರಣ ಪತ್ರ ತಡೆಯುತ್ತದೆ, ಹತ್ತಿಪ್ಪತ್ತು ಯೂರೋ ಕಳಿಸಲು ಮತ್ತೆ ಅಷ್ಟೇ ಶುಲ್ಕ. ‘ಅವರ್’ ಹಾಕಿ, ಜೊತೆಗೆ ಸ್ವಲ್ಪ ಹೆಚ್ಚೇ ಕಳಿಸಿ. ಎರಡು, ಮೊದಲ ತಿಂಗಳು. ವಿಳಾಸ ನೋಂದಣಿಗೆ ದಿನ ಸಿಗುವುದು ತಡವಾದರೆ ಗೀರೊಕೊಂಟೊ ತಡ, ಗೀರೊಕೊಂಟೊ ತಡವಾದರೆ ಕಂತು ತಡ. ಅದೇ ತಿಂಗಳಲ್ಲಿ ಮನೆ ಮಾಲೀಕರು ಮುಂಗಡ ಕೇಳುತ್ತಾರೆ. ಕಾನೂನಿನ ಮಿತಿ ಮೂರು ತಿಂಗಳ ಮೂಲ ಬಾಡಿಗೆ. ನಿಮ್ಮ ನಾಲ್ಕೂವರೆ ಲಕ್ಷದ ನಿಜವಾದ ಉಪಯೋಗ ಇಲ್ಲಿದೆ.

ವೀಸಾ ಸಿಗದಿದ್ದರೆ ಹಣ ಮುಳುಗುವುದಿಲ್ಲ. ನಿರಾಕರಣೆಯ ಪತ್ರ ಕೊಟ್ಟರೆ ವಾಪಸು ಬರುತ್ತದೆ. ಹೋಗುವಾಗ ಬರುವಾಗ ಎರಡು ಸಲ ಯೂರೋ-ರೂಪಾಯಿ ಪರಿವರ್ತನೆಯ ನಷ್ಟ, ಖಾತೆಯ ಶುಲ್ಕ ನಿಮ್ಮ ಮೇಲೆ.

ಇಲ್ಲಿಂದ ಹಣ ಕಳಿಸುವ ಕ್ರಮಕ್ಕೆ ಬರೋಣ. ಭಾರತದಲ್ಲಿ ವಾಸಿಸುವ ಪ್ರತಿಯೊಬ್ಬರೂ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಬ್ಯಾಂಕಿನವರು ಇದನ್ನು ಎಲ್‌ಆರ್‌ಎಸ್ ಎನ್ನುತ್ತಾರೆ. ಪ್ಯಾನ್ ಕಡ್ಡಾಯ. ಸೊಸೈಟಿಯಿಂದ ಇದು ಆಗುವುದಿಲ್ಲ, ವಿದೇಶಿ ವಿನಿಮಯದ ಪರವಾನಗಿ ಇರುವ ಬ್ಯಾಂಕೇ ಬೇಕು. ನಗದು ಕಟ್ಟಿ ಆಗುವ ಕೆಲಸವೂ ಅಲ್ಲ, ಕಳಿಸುವವರ ಸ್ವಂತ ಖಾತೆಯಿಂದಲೇ ಹೋಗಬೇಕು. ತಾಲೂಕಿನ ಸಣ್ಣ ಶಾಖೆ ಎ2 ಎಂಬ ಫಾರ್ಮ್ ತೆಗೆದುಕೊಂಡು ವಿದೇಶಿ ವಿನಿಮಯ ನೋಡುವ ದೊಡ್ಡ ಶಾಖೆಗೆ ಕಳಿಸುತ್ತದೆ, ಅಲ್ಲಿಂದ ಪ್ರಶ್ನೆ ಬಂದು, ನೀವು ಉತ್ತರ ಕೊಟ್ಟು, ಒಂದು ವಾರ ಸುಲಭಕ್ಕೆ ಹೋಗುತ್ತದೆ. ಕೃಷಿಕರಿಗೆ ಬರುವ ಪ್ರಶ್ನೆ ಯಾವಾಗಲೂ ಒಂದೇ: ‘ಈ ಹಣದ ಮೂಲ ಏನು?’ ಅಡಿಕೆ ಮಾರಾಟದ ಬಿಲ್ಲುಗಳು, ಪಹಣಿ, ಸೊಸೈಟಿ ಠೇವಣಿ ಮುರಿದಿದ್ದರೆ ಅದರ ಲೆಕ್ಕದ ಪ್ರತಿ, ಒಂದು ವರ್ಷದ ಖಾತೆ ವಿವರ ಇವನ್ನು ಮೊದಲೇ ಜೋಡಿಸಿ ಇಟ್ಟುಕೊಳ್ಳಿ. ಇದೇ ಕೆಲಸಕ್ಕೆಂದು ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದರೆ ತಪಾಸಣೆ ಇನ್ನೂ ಜಾಸ್ತಿ. ಹಳೆಯ ಖಾತೆ ಇರುವ ಬ್ಯಾಂಕೇ ಉತ್ತಮ.

ಫಾರ್ಮಿನಲ್ಲಿ ಉದ್ದೇಶದ ಸಂಕೇತ ಬರೆಯಬೇಕು. ಶುಲ್ಕ, ವಸತಿ ಸೇರಿದಂತೆ ಶಿಕ್ಷಣಕ್ಕೆ ಎಸ್0305. ಇದು ಬರೀ ಔಪಚಾರಿಕತೆ ಎಂದು ಕಡೆಗಣಿಸಬೇಡಿ, ಟಿಸಿಎಸ್ ಎಂಬ ಮುಂಗಡ ತೆರಿಗೆ ಇದರ ಮೇಲೆ ನಿಂತಿದೆ. 2025ರ ಏಪ್ರಿಲ್ 1ರಿಂದ ಒಬ್ಬರು ಒಂದು ವರ್ಷದಲ್ಲಿ ಕಳಿಸುವ ಮೊದಲ 10 ಲಕ್ಷ ರೂಪಾಯಿಗೆ ಟಿಸಿಎಸ್ ಇಲ್ಲ. ಅದರಾಚೆಗೆ ಶಿಕ್ಷಣಕ್ಕಾದರೆ ಕಡಿಮೆ ದರ, ‘ವಿದೇಶದ ಖಾತೆಯಲ್ಲಿ ಠೇವಣಿ’ ಎಂದಾದರೆ ಶೇ 20. ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಏನೂ ಇಲ್ಲ. ಲೆಕ್ಕಕ್ಕೆ ಒಂದು ಯೂರೋಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಬ್ಲಾಕ್ಡ್ ಅಕೌಂಟಿಗೆ 11,90,400 ರೂಪಾಯಿಯನ್ನು ನಿಮ್ಮ ಯಜಮಾನರು ತಮ್ಮ ಖಾತೆಯಿಂದ ಕಳಿಸಿದರು ಎನ್ನಿ; 10 ಲಕ್ಷ ದಾಟಿದ 1,90,400ಕ್ಕೆ ಮಾತ್ರ ಶಿಕ್ಷಣದ ದರ. ಆಮೇಲೆ ಅದೇ ವರ್ಷ ಅವರೇ ನಾಲ್ಕೂವರೆ ಲಕ್ಷವನ್ನು ‘ಉಳಿತಾಯ ಖಾತೆಗೆ ಠೇವಣಿ’ ಎಂದು ಕಳಿಸಿದರೆ ಇಡೀ ಮೊತ್ತಕ್ಕೆ ಶೇ 20, ಅಂದರೆ 90,000 ರೂಪಾಯಿ ಹೆಚ್ಚುವರಿ ಕಟ್ಟಬೇಕು. ಅದೇ ಹಣ ನಿಮ್ಮ ಸ್ವಂತ ಖಾತೆಯಲ್ಲಿದ್ದು ನಿಮ್ಮ ಪ್ಯಾನ್ ಮೇಲೆ ಹೋದರೆ ನಿಮ್ಮ 10 ಲಕ್ಷದ ಮಿತಿಯೊಳಗೆ ಬರುತ್ತದೆ, ಟಿಸಿಎಸ್ ಸೊನ್ನೆ. ಇದರಲ್ಲಿ ಕಳ್ಳದಾರಿ ಏನಿಲ್ಲ, ಮಿತಿ ಇರುವುದೇ ತಲಾ ಒಬ್ಬರಿಗೆ. ಟಿಸಿಎಸ್ ಕಟ್ಟಿದರೂ ಅದು ನಷ್ಟವಲ್ಲ, ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಆದರೆ ಕೃಷಿ ಆದಾಯವೊಂದೇ ಇರುವವರು ರಿಟರ್ನ್ ಹಾಕುವ ರೂಢಿ ಇಟ್ಟುಕೊಂಡಿರುವುದಿಲ್ಲ. ಹಾಕದಿದ್ದರೆ ಹಣ ಅಲ್ಲೇ ಉಳಿಯುತ್ತದೆ. ಇನ್ನು ಪರಿವರ್ತನೆಯ ಮೇಲಿನ ಜಿಎಸ್‌ಟಿಗೆ ಹೆದರಬೇಡಿ. ಶೇ 18 ಎಂಬುದು ಪೂರ್ತಿ ಮೊತ್ತದ ಮೇಲಲ್ಲ, ನಿಯಮದಲ್ಲಿ ಹೇಳಿದ ಸಣ್ಣ ಮೌಲ್ಯದ ಮೇಲೆ. ಮೇಲಿನ 11,90,400ಕ್ಕೆ ಆ ಮೌಲ್ಯ 5,690 ರೂಪಾಯಿ, ಜಿಎಸ್‌ಟಿ 1,024 ರೂಪಾಯಿ. ನಿಜವಾದ ಖರ್ಚು ಅಡಗಿರುವುದು ಬ್ಯಾಂಕು ಹೇಳುವ ಯೂರೋ ದರದಲ್ಲಿ. ಒಂದು ಯೂರೋಗೆ ಒಂದೂವರೆ ರೂಪಾಯಿ ಹೆಚ್ಚಾದರೆ ಸುಮಾರು 18,000 ರೂಪಾಯಿ ಹೋಯಿತು. ದರ ಕೇಳಿ, ಚೌಕಾಸಿ ಮಾಡಿ. ಈ ಮೊತ್ತಕ್ಕೆ ಬ್ಯಾಂಕಿನವರು ದರ ಇಳಿಸುವುದುಂಟು.

ತಮ್ಮನವರ ಸಲಹೆಯ ಬಗ್ಗೆ ನೇರವಾಗಿ ಹೇಳುತ್ತೇನೆ: ಬೇಡ. ಅವರ ಮನಸ್ಸು ಒಳ್ಳೆಯದೇ, ಕರಾವಳಿಯ ಎಷ್ಟೋ ಮನೆಗಳಲ್ಲಿ ಇದು ಸಹಜ ಏರ್ಪಾಡೆಂದೇ ನಡೆದು ಬಂದಿದೆ. ಆದರೆ ಹೊರದೇಶದಲ್ಲಿ ವಾಸಿಸುವವರ ಲೆಕ್ಕಕ್ಕೆ ಇಲ್ಲಿ ರೂಪಾಯಿ ಕೊಟ್ಟು, ಅದಕ್ಕೆ ಬದಲಾಗಿ ಅಲ್ಲಿ ವಿದೇಶಿ ಹಣ ಪಡೆಯುವುದನ್ನು ಫೆಮಾ ಎಂಬ ನಮ್ಮ ವಿದೇಶಿ ವಿನಿಮಯ ಕಾಯ್ದೆ ನಿಷೇಧಿಸುತ್ತದೆ. ಕೊಟ್ಟದ್ದು ನಿಮ್ಮ ಅಪ್ಪಯ್ಯನ ಕೈಗೇ ಆದರೂ ಲೆಕ್ಕ ತಮ್ಮನದ್ದು. ಸಿಕ್ಕಿಬಿದ್ದರೆ ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಕಾನೂನು ಬದಿಗಿಡಿ; ಮಸ್ಕತ್‌ನಿಂದ ಹೊಸ ವಿದ್ಯಾರ್ಥಿಯ ಖಾತೆಗೆ ದೊಡ್ಡ ಮೊತ್ತ ಬಿದ್ದರೆ ಜರ್ಮನಿಯ ಬ್ಯಾಂಕು ಮೂಲ ಕೇಳುತ್ತದೆ. ಆಗ ಮಗಳು ಏನೆಂದು ಬರೆಯಬೇಕು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮ ತೋಟದವರಿಗೆ ಹೊಸದಲ್ಲ. ಸೋದರಮಾವ ತನ್ನ ದುಡಿಮೆಯ ಹಣವನ್ನು ಸೊಸೆಗೆ ನಿಜವಾಗಿ ಉಡುಗೊರೆಯಾಗಿ ಕಳಿಸಿದರೆ, ಇಲ್ಲಿ ಅದಕ್ಕೆ ಬದಲು ಏನೂ ಕೊಡದಿದ್ದರೆ, ಅದು ತಪ್ಪಲ್ಲ. ಒಂದು ಸಾಲಿನ ಉಡುಗೊರೆ ಪತ್ರ, ಅವರ ಸಂಬಳದ ಪುರಾವೆ ಇಟ್ಟುಕೊಂಡರೆ ಸಾಕು.

ನಿಮ್ಮ ಹೆಸರನ್ನು ಜಂಟಿಯಾಗಿ ಸೇರಿಸುವುದನ್ನೂ ನಾನು ಬೇಡ ಎನ್ನುತ್ತೇನೆ. ಅಲ್ಲಿ ವಾಸವಿಲ್ಲದ ನಿಮ್ಮ ಗುರುತು ಖಾತ್ರಿ ಮಾಡಿಸುವುದೇ ಒಂದು ಯುದ್ಧ. ಅದಾದರೂ, ಹೆಸರು ಸೇರಿದ ಕ್ಷಣದಿಂದ ಆ ಖಾತೆ ನಿಮ್ಮ ವಿದೇಶಿ ಆಸ್ತಿ. ಆದಾಯ ಎಷ್ಟೇ ಕಡಿಮೆ ಇರಲಿ, ಪ್ರತಿ ವರ್ಷ ರಿಟರ್ನ್ ಸಲ್ಲಿಸಿ ‘ಶೆಡ್ಯೂಲ್ ಎಫ್‌ಎ’ ಎಂಬ ಭಾಗದಲ್ಲಿ ಅದನ್ನು ತೋರಿಸಬೇಕು. ಸರಳವಾದ ಐಟಿಆರ್-1 ಇದಕ್ಕೆ ನಡೆಯುವುದಿಲ್ಲ. ಎಲ್‌ಆರ್‌ಎಸ್‌ನಲ್ಲಿ ಕಳಿಸಿ ಬಳಸದೆ, ಹೂಡದೆ ನಿಮ್ಮ ಹೆಸರಿನಲ್ಲಿ ಸುಮ್ಮನೆ ಉಳಿದ ಹಣವನ್ನು 180 ದಿನದೊಳಗೆ ವಾಪಸು ತರಬೇಕೆಂಬ ನಿಯಮ ಬೇರೆ. ಮಗಳ ಹೆಸರಿನಲ್ಲಿ ಮಾತ್ರ ಇದ್ದರೆ ನಿಮಗೆ ಇದ್ಯಾವುದೂ ಇಲ್ಲ.

ಮಗಳಿಗೆ ಇದೆ, ಕನಿಷ್ಠ ಮೊದಲ ವರ್ಷ. ಆರಂಭದಲ್ಲಿ ಹೇಳಿದ ‘ಎಲ್ಲಿಯ ನಿವಾಸಿ’ ಎಂಬ ಗಂಟು ಇಲ್ಲಿದೆ. ಫೆಮಾ ಲೆಕ್ಕದಲ್ಲಿ, ಓದಲು ಹೊರದೇಶಕ್ಕೆ ಹೋದವರು ಹೊರಟ ದಿನದಿಂದಲೇ ಅನಿವಾಸಿ. ರಿಸರ್ವ್ ಬ್ಯಾಂಕು 2003ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಆದಾಯ ತೆರಿಗೆಯ ಲೆಕ್ಕ ದಿನ ಎಣಿಸುತ್ತದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 15ರವರೆಗೆ ಅವಳು 168 ದಿನ ಇಲ್ಲಿರುತ್ತಾಳೆ. ಕೆಲಸಕ್ಕೆಂದು ಹೋಗುವವರಿಗೆ 182 ದಿನದ ಮಿತಿ ಇದೆ. ಓದಲು ಹೋಗುವವರು ಆ ರಿಯಾಯಿತಿಗೆ ಬರುವುದಿಲ್ಲ, ಅವರಿಗೆ ಆ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲಿದ್ದರೆ ನಿವಾಸಿಯೇ. ಅಂದರೆ ಬ್ಯಾಂಕಿಗೆ ಅವಳು ಅನಿವಾಸಿ, ತೆರಿಗೆ ಇಲಾಖೆಗೆ ಆ ವರ್ಷ ನಿವಾಸಿ. ಎರಡೂ ಏಕಕಾಲಕ್ಕೆ ನಿಜ. ಆದ್ದರಿಂದ ಆ ವರ್ಷದ ರಿಟರ್ನನ್ನು, ಆದಾಯ ಸೊನ್ನೆ ಇದ್ದರೂ, ಸಲ್ಲಿಸಿ ಶೆಡ್ಯೂಲ್ ಎಫ್‌ಎಯಲ್ಲಿ ಬ್ಲಾಕ್ಡ್ ಅಕೌಂಟ್ ಮತ್ತು ಗೀರೊಕೊಂಟೊ ಎರಡನ್ನೂ ತೋರಿಸಬೇಕು. ಇದರಲ್ಲಿ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದ್ದು, ಮಾರ್ಚ್‌ನದ್ದಲ್ಲ. ಖಾತೆ ಸಂಖ್ಯೆ, ತೆರೆದ ದಿನ, ವರ್ಷದ ಅತ್ಯಧಿಕ ಶಿಲ್ಕು, ಕೊನೆಯ ಶಿಲ್ಕು, ಬಂದ ಬಡ್ಡಿ ಇವನ್ನು ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರದಲ್ಲಿ (ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ) ರೂಪಾಯಿಗೆ ತಂದು ಬರೆಯಬೇಕು. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡವಿದೆ ಎಂದು ಹೆದರಿಸುವವರು ಪೂರ್ತಿ ಹೇಳುವುದಿಲ್ಲ: 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಆ ದಂಡ ಇಲ್ಲ. ದಂಡ ಇಲ್ಲ ಎಂದರೆ ತೋರಿಸುವುದು ಬೇಡ ಎಂದಲ್ಲ. ಜರ್ಮನಿಯೂ ಭಾರತವೂ ಖಾತೆಗಳ ಮಾಹಿತಿಯನ್ನು ವರ್ಷ ವರ್ಷ ತಾವಾಗಿಯೇ ಹಂಚಿಕೊಳ್ಳುತ್ತವೆ. ಮುಂದಿನ ವರ್ಷ ದೀಪಾವಳಿಗೆ ಒಂದು ತಿಂಗಳು ಬಂದು ಹೋದರೂ ಅವಳು ತೆರಿಗೆಗೂ ಅನಿವಾಸಿ, ಈ ಕೆಲಸ ಮುಗಿಯಿತು.

ಖಾತೆ ತೆರೆಯುವಾಗ ಅಲ್ಲಿಯ ಬ್ಯಾಂಕು ‘ನೀವು ಎಲ್ಲಿ ತೆರಿಗೆ ನಿವಾಸಿ?’ ಎಂದು ಸಹಿ ಹಾಕಿಸಿಕೊಳ್ಳುತ್ತದೆ. ಭಾರತ ಎಂದು ಬರೆದರೆ ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಹಾಕಬೇಕು. ಜರ್ಮನಿಯ ತೆರಿಗೆ ಸಂಖ್ಯೆ ವಿಳಾಸ ನೋಂದಣಿಯಾದ ಕೆಲವು ವಾರಕ್ಕೆ ಅಂಚೆಯಲ್ಲಿ ಬರುತ್ತದೆ, ಹಲವು ಬ್ಯಾಂಕುಗಳು ಅದನ್ನು ಆಮೇಲೆ ಕೊಡಲು ಬಿಡುತ್ತವೆ. ಅಲ್ಲೇ ಇನ್ನೊಂದು ಫಾರ್ಮ್ ಕೇಳಿ ಪಡೆಯಲಿ: ‘ಫ್ರೈಸ್ಟೆಲುಂಗ್ಸ್‌ಔಫ್ಟ್ರಾಗ್’. ಬಡ್ಡಿಯ ಮೇಲೆ ಜರ್ಮನಿಯಲ್ಲಿ ಸರಚಾರ್ಜ್ ಸೇರಿ ಶೇ 26.375 ಮೂಲದಲ್ಲೇ ಕಡಿತವಾಗುತ್ತದೆ. ಒಬ್ಬರಿಗೆ ವರ್ಷಕ್ಕೆ 1,000 ಯೂರೋವರೆಗಿನ ಬಡ್ಡಿಗೆ ವಿನಾಯಿತಿ ಇದೆ, ಆದರೆ ಈ ಫಾರ್ಮ್ ಕೊಡದಿದ್ದರೆ ಬ್ಯಾಂಕು ಮೊದಲ ಯೂರೋದಿಂದಲೇ ಕಡಿಯುತ್ತದೆ.

ಹಾಗೆ ನೋಡಿದರೆ ಬಡ್ಡಿಗಾಗಿ ಅಲ್ಲಿ ಹಣ ಇಡುವುದರಲ್ಲಿ ಅರ್ಥ ಕಡಿಮೆ. ಐರೋಪ್ಯ ಕೇಂದ್ರ ಬ್ಯಾಂಕು 2025ರ ಜೂನ್‌ನಲ್ಲಿ ತನ್ನ ಠೇವಣಿ ದರವನ್ನು ಶೇ 2ಕ್ಕೆ ಇಳಿಸಿತು. ಆ ದರದಲ್ಲಿ 4,500 ಯೂರೋಗೆ ವರ್ಷಕ್ಕೆ 90 ಯೂರೋ. ಹೊಸ ಗ್ರಾಹಕರಿಗೆಂದು ಇದಕ್ಕಿಂತ ಹೆಚ್ಚು ಜಾಹೀರಾತು ಮಾಡುವ ಬ್ಯಾಂಕುಗಳು ಕೆಲವು ತಿಂಗಳ ನಂತರ ಸದ್ದಿಲ್ಲದೆ ಇಳಿಸುತ್ತವೆ. ಸುರಕ್ಷತೆಯ ಚಿಂತೆ ಬೇಡ, ಐರೋಪ್ಯ ಒಕ್ಕೂಟದಲ್ಲಿ ಒಬ್ಬ ಗ್ರಾಹಕರಿಗೆ ಒಂದು ಬ್ಯಾಂಕಿನಲ್ಲಿ 1,00,000 ಯೂರೋವರೆಗೆ ಠೇವಣಿ ವಿಮೆ ಇದೆ. ನಮ್ಮ ಬ್ಯಾಂಕುಗಳಲ್ಲಿ ಇದು 5 ಲಕ್ಷ ರೂಪಾಯಿ, ಊರ ಸೊಸೈಟಿಗಳಲ್ಲಿ ಈ ವಿಮೆಯೇ ಇಲ್ಲ. ಮುಂಗಡಕ್ಕೂ ಮೊದಲ ಮೂರು ತಿಂಗಳಿಗೂ ಬೇಕಾಗುವಷ್ಟನ್ನು ಕಳಿಸಿ. ಸ್ವಲ್ಪ ಹಣ ಫಾರೆಕ್ಸ್ ಕಾರ್ಡಿನಲ್ಲಿ, ಸ್ವಲ್ಪ ನೋಟಿನಲ್ಲಿ ಅವಳ ಕೈಯಲ್ಲಿರಲಿ. ನೋಟು ಒಯ್ಯುವ ಮಿತಿ 3,000 ಡಾಲರ್ ಮೌಲ್ಯದಷ್ಟು. ಉಳಿದದ್ದು ಇಲ್ಲೇ ಇರಲಿ, ಬೇಕಾದಾಗ ಎಸ್0305ರಲ್ಲಿ ಕಳಿಸಬಹುದು.

ಊರಿನ ಖಾತೆಗಳನ್ನು ಹಾಗೇ ಬಿಡುವಂತಿಲ್ಲ. ಕುಮಟಾದ ಉಳಿತಾಯ ಖಾತೆ ಅವಳು ಹೊರಟ ಮೇಲೆ ಅನಿವಾಸಿಗಳು ಇಲ್ಲಿಯ ಹಣ ಇಡುವ ಎನ್‌ಆರ್‌ಒ ಖಾತೆಯಾಗಬೇಕು. ವೀಸಾ, ಪಾಸ್‌ಪೋರ್ಟ್ ಪ್ರತಿ, ವಿದೇಶದ ವಿಳಾಸ ಕೊಟ್ಟರೆ ಬ್ಯಾಂಕು ಮಾಡಿಕೊಡುತ್ತದೆ. ಅಲ್ಲಿಂದ ಅಂಚೆಯಲ್ಲಿ ಕಳಿಸುವುದಕ್ಕಿಂತ ಹೊರಡುವ ಮೊದಲೇ ಫಾರ್ಮ್‌ಗಳಿಗೆ ಸಹಿ ಹಾಕಿಡುವುದು ಜಾಣತನ. ಇದರಲ್ಲಿ ನಿಮ್ಮ ಹೆಸರನ್ನು ‘ಮೊದಲಿನವರು ಅಥವಾ ಉಳಿದವರು’ (ಫಾರ್ಮರ್ ಆರ್ ಸರ್ವೈವರ್) ಎಂಬ ಷರತ್ತಿನಲ್ಲಿ ಸೇರಿಸಬಹುದು. ಜಂಟಿ ಹೆಸರಿನ ಆಸೆ ಇದ್ದರೆ ಅದಕ್ಕೆ ಸರಿಯಾದ ಜಾಗ ಇದು. ಎನ್‌ಆರ್‌ಒ ಬಡ್ಡಿಗೆ ಮೂಲದಲ್ಲಿ ಶೇ 30 ಮತ್ತು ಸೆಸ್ ಕಡಿತವಾಗುತ್ತದೆ, ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿ ವಾಪಸು ಪಡೆಯಬಹುದು. ಸೊಸೈಟಿಯ ಆರು ಲಕ್ಷ ನಿಜವಾದ ತೊಡಕು, ಏಕೆಂದರೆ ಸೊಸೈಟಿ ಎನ್‌ಆರ್‌ಒ ಠೇವಣಿ ಇಡಲಾರದು. ಸೆಪ್ಟೆಂಬರ್‌ಗೆ ಮೊದಲು ಅವಧಿ ಮುಗಿಯುವುದಾದರೆ ಬ್ಯಾಂಕಿಗೆ ತನ್ನಿ. ಇಲ್ಲದಿದ್ದರೆ ಮುರಿದು, ಸ್ವಲ್ಪ ಬಡ್ಡಿ ಹೋದರೂ ಚಿಂತೆಯಿಲ್ಲ, ಬ್ಲಾಕ್ಡ್ ಅಕೌಂಟಿಗೆ ಅದನ್ನೇ ಬಳಸಿ. ಅವಳ ಹೆಸರಿನ ಹಣ ಅವಳ ಖಾತೆಯಿಂದ ಅವಳ ಪ್ಯಾನ್ ಮೇಲೆ ಹೋಗುತ್ತದೆ, ಅವಳಿಗೂ 10 ಲಕ್ಷದ ಮಿತಿ ಇದೆಯಲ್ಲ. ಆಗ ಯಜಮಾನರು ಕಳಿಸಬೇಕಾದದ್ದು ಆರು ಲಕ್ಷಕ್ಕೆ ಇಳಿಯುತ್ತದೆ, ಯಾರ ಮೇಲೂ ಟಿಸಿಎಸ್ ಬೀಳುವುದಿಲ್ಲ.

ಮಕ್ಕಳ ಹೆಸರಿನಲ್ಲಿ ಠೇವಣಿ ಇಡುವ ನಮ್ಮ ರೂಢಿಗೆ ಸಂಬಂಧಿಸಿದ ಇನ್ನೊಂದು ತಪ್ಪು ತಿಳಿವಳಿಕೆ: ‘ಇಲ್ಲಿಯ ಬಡ್ಡಿ ಇಲ್ಲಿಗೆ, ಅಲ್ಲಿಯವರಿಗೇನು?’ ಜರ್ಮನಿಯ ತೆರಿಗೆ ನಿವಾಸಿಯಾದವರು ಪ್ರಪಂಚದ ಎಲ್ಲ ಕಡೆಯ ಆದಾಯವನ್ನು ಅಲ್ಲಿ ಲೆಕ್ಕಕ್ಕೆ ತರಬೇಕು. ಅನಿವಾಸಿಗಳು ಹೊರದೇಶದ ಹಣ ತಂದಿಡುವ, ಇಲ್ಲಿ ತೆರಿಗೆ ಇಲ್ಲದ ಎನ್‌ಆರ್‌ಇ ಖಾತೆಯ ಬಡ್ಡಿಯೂ ಅದರಲ್ಲಿ ಸೇರುತ್ತದೆ. ಓದುವಾಗ ಹೆದರಬೇಕಾದದ್ದಿಲ್ಲ, 2026ಕ್ಕೆ ಅಲ್ಲಿಯ ತೆರಿಗೆರಹಿತ ಮಿತಿ 12,348 ಯೂರೋ. ಕೆಲಸ ಸಿಕ್ಕ ವರ್ಷ ಇದು ಮುನ್ನೆಲೆಗೆ ಬರುತ್ತದೆ. ಆಗ ‘ಅಪ್ಪ ನನ್ನ ಹೆಸರಲ್ಲಿ ಇಟ್ಟದ್ದು, ನನಗೆ ಗೊತ್ತೇ ಇರಲಿಲ್ಲ’ ಎಂಬ ಉತ್ತರ ನಡೆಯುವುದಿಲ್ಲ. ಹೊರಡುವ ಮೊದಲು ಅವಳ ಹೆಸರಿನಲ್ಲಿ ಎಲ್ಲೆಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆದು ಅವಳಿಗೇ ಕೊಡಿ.

ಅವಳಿಗೆ ಹೇಳಬೇಕಾದ ಎಚ್ಚರಿಕೆ ಒಂದಿದೆ. ‘ನಿನ್ನ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಮುಂದೆ ಕಳಿಸು’ ಎನ್ನುವವರು, ‘ಕೆಲಸಕ್ಕೆ ಆಯ್ಕೆಯಾಗಲು ವಿಡಿಯೊದಲ್ಲಿ ಗುರುತು ತೋರಿಸು’ ಎನ್ನುವವರು ಹೊಸ ವಿದ್ಯಾರ್ಥಿಗಳನ್ನೇ ಹುಡುಕುತ್ತಾರೆ. ಎರಡನೆಯದರಲ್ಲಿ ಅವಳ ಹೆಸರಿನಲ್ಲಿ ಗೊತ್ತಿಲ್ಲದೆ ಒಂದು ಬ್ಯಾಂಕ್ ಖಾತೆಯೇ ತೆರೆದುಹೋಗಿ ವಂಚಕರ ಕೈ ಸೇರುತ್ತದೆ, ಪೊಲೀಸರು ಬರುವುದು ಇವಳ ಬಾಗಿಲಿಗೆ. ಮನೆ ನೋಡದೆ ಮುಂಗಡ ಕಳಿಸುವುದೂ ಬೇಡ.

ಬೇರೆ ದೇಶಕ್ಕೆ ಹೊರಟ ಮಕ್ಕಳಿರುವ ಓದುಗರಿಗೂ ತತ್ವ ಇದೇ, ಕಾಗದ ಮಾತ್ರ ಬೇರೆ. ಕೊಲ್ಲಿಯ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಎಮಿರೇಟ್ಸ್ ಐಡಿ ಬಂದ ಮೇಲೆ ಸಂಬಳದ ಖಾತೆ ಸಲೀಸು. ಜಪಾನಿನಲ್ಲಿ ಹೋದ ಮೊದಲ ಆರು ತಿಂಗಳು ಅನಿವಾಸಿಯೆಂದೇ ಎಣಿಸುವುದರಿಂದ ಖಾತೆಯ ಸೌಲಭ್ಯ ಕಡಿಮೆ.

ಕೊನೆಗೆ ಎಟಿಎಂ ಕಾರ್ಡು. ಅಂತರರಾಷ್ಟ್ರೀಯ ಬಳಕೆ ತೆರೆದಿಟ್ಟ ಕಾರ್ಡು ಅಲ್ಲಿಯ ಯಂತ್ರದಲ್ಲಿ ನಡೆಯುತ್ತದೆ, ಪ್ರತಿ ಸಲ ಶುಲ್ಕ ಮತ್ತು ಪರಿವರ್ತನೆಯ ಹೆಚ್ಚುವರಿ ಬೀಳುತ್ತದೆ. ಯಂತ್ರ ‘ರೂಪಾಯಿ ಲೆಕ್ಕದಲ್ಲಿ ಕಡಿಯಲೇ?’ ಎಂದು ಕೇಳಿದರೆ ಬೇಡ ಎಂದು ಯೂರೋವನ್ನೇ ಆರಿಸಲಿ, ರೂಪಾಯಿ ಎಂದರೆ ಯಂತ್ರದವರ ದುಬಾರಿ ದರ. ಖಾತೆ ಎನ್‌ಆರ್‌ಒ ಆದಾಗ ಹಳೆಯ ಕಾರ್ಡು ರದ್ದಾಗಿ ಹೊಸದು ಬರಬಹುದು, ಅದು ನಿಮ್ಮ ಮನೆಯ ವಿಳಾಸಕ್ಕೆ ಬರುವಂತೆ ನೋಡಿಕೊಳ್ಳಿ. ಕಾರ್ಡಿಗಿಂತ ಮುಖ್ಯವಾದದ್ದು ಅವಳ ಇಲ್ಲಿಯ ಸಿಮ್. ಒಟಿಪಿ ಎಲ್ಲ ಬರುವುದು ಅದಕ್ಕೇ. ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವಷ್ಟು ಕನಿಷ್ಠ ರೀಚಾರ್ಜನ್ನು ನೀವೇ ಇಲ್ಲಿಂದ ತಪ್ಪದೆ ಹಾಕುತ್ತಿರಿ. ಒಮ್ಮೆ ನಂಬರ್ ಹೋಗಿ ಬೇರೆಯವರ ಪಾಲಾದರೆ, ಅದನ್ನು ಸರಿಮಾಡಿಸಲು ಅವಳೇ ಕುಮಟಾ ಶಾಖೆಗೆ ಬರಬೇಕಾಗುತ್ತದೆ.